ಮೂರನೆಯ ಪೆಡಲಿನ ಚರಿತ್ರೆ

ಕಾರಿನಲ್ಲಿ ಡ್ರೈವರನ ಕಾಲಬುಡಕ್ಕೆ ಮೂರು ಪೆಡಲುಗಳಿರುತ್ತವೆ. ಒಂದು ಓಡಿಸಲು, ಇನ್ನೊಂದು ನಿಲ್ಲಿಸಲು. ಈ ಎರಡರ ಉಪಯೋಗ ಯಾರಿಗಾದರೂ ತಿಳಿಯುತ್ತದೆ. ಎಡಗಾಲಿನ ಕೆಳಗಿರುವ ಮೂರನೆಯದು, ಅಂದರೆ ಕ್ಲಚ್, ಸ್ವಲ್ಪ ವಿಚಿತ್ರ. ಅದನ್ನು ತುಳಿದರೆ ಗಾಡಿ ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ಇಂಜಿನ್ನಿಗೂ ಚಕ್ರಕ್ಕೂ ಇರುವ ಸಂಬಂಧ ತುಳಿದಷ್ಟು ಹೊತ್ತು ಕಡಿದುಹೋಗುತ್ತದೆ. ಡ್ರೈವಿಂಗ್ ಕಲಿಯಲು ಹೋದವರು ಮೊದಲ ವಾರ ಬೆವರುವುದು ಈ ಪೆಡಲಿನಿಂದಾಗಿಯೇ. ಕಾಲನ್ನು ಬೇಗ ಬಿಟ್ಟರೆ ಗಾಡಿ ಕುಪ್ಪಳಿಸಿ ಇಂಜಿನ್ ಆಫ್ ಆಗುತ್ತದೆ, ತಡವಾಗಿ ಬಿಟ್ಟರೆ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ.

ಈ ಪೆಡಲನ್ನು ಪಳಗಿಸಿಕೊಂಡವನೇ ಡ್ರೈವರ್ ಎಂಬ ಮಾತು ಒಂದು ಕಾಲಕ್ಕೆ ಎಲ್ಲೆಡೆಯೂ ನಿಜವಾಗಿತ್ತು. ಸ್ಪೋರ್ಟ್ಸ್ ಕಾರುಗಳ ಜಗತ್ತಿನಲ್ಲಂತೂ ಗೇರು ಬದಲಿಸುವ ಕೈಚಳಕವೇ ಚಾಲಕನ ಮರ್ಯಾದೆ. ಆದರೆ ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಅದೇ ಸ್ಪೋರ್ಟ್ಸ್ ಕಾರುಗಳಿಂದ ಕ್ಲಚ್ ಪೆಡಲ್ ಒಂದೊಂದಾಗಿ ಕಾಣೆಯಾಯಿತು. ಅದರ ಜಾಗಕ್ಕೆ ಬಂದದ್ದು ಎರಡು ಕ್ಲಚ್ಚುಗಳಿರುವ, ಆದರೆ ತುಳಿಯಲು ಒಂದೂ ಪೆಡಲಿಲ್ಲದ ಗೇರ್ ಬಾಕ್ಸ್. ಡ್ಯೂಯಲ್ ಕ್ಲಚ್ ಎಂದು ಕರೆಯಲಾಗುವ ಈ ಯಂತ್ರ ಹೇಗೆ ಬಂತು, ಯಾರಿಗೆ ಏನು ಕೊಟ್ಟಿತು, ಯಾರಿಂದ ಏನನ್ನು ಕಿತ್ತುಕೊಂಡಿತು ಎಂಬುದು ಬರೀ ಮೆಕ್ಯಾನಿಕ್ಕುಗಳ ವಿಷಯವಲ್ಲ. ಮನುಷ್ಯನ ಕೈಯ ಕೆಲಸವನ್ನು ಯಂತ್ರ ವಹಿಸಿಕೊಳ್ಳುವಾಗ ಏನೇನಾಗುತ್ತದೆ ಎಂಬುದಕ್ಕೆ ಅದೊಂದು ಒಳ್ಳೆಯ ಉದಾಹರಣೆ.

ಮೊದಲಿಗೆ ಗೇರು ಏಕೆ ಬೇಕು ಎಂಬುದನ್ನು ನೋಡೋಣ. ಪೆಟ್ರೋಲ್ ಇಂಜಿನ್ ಒಂದು ಮಿತಿಯ ವೇಗದಲ್ಲಿ ತಿರುಗುವಾಗ ಮಾತ್ರ ಸರಿಯಾಗಿ ಶಕ್ತಿ ಕೊಡುತ್ತದೆ. ಚಕ್ರಕ್ಕೆ ಹಾಗಲ್ಲ. ಅದು ನಿಂತಲ್ಲಿಂದ ಹೊರಟು ಗಂಟೆಗೆ ನೂರು, ಇನ್ನೂರು ಕಿಲೋಮೀಟರ್‌ವರೆಗೂ ತಿರುಗಬೇಕು. ಇವೆರಡರ ನಡುವೆ ರಾಜಿ ಮಾಡಿಸುವುದೇ ಗೇರ್ ಬಾಕ್ಸಿನ ಕೆಲಸ. ಹಲ್ಲಿನ ಚಕ್ರಗಳನ್ನು ಸರಿಸಿ ಒಂದಕ್ಕೊಂದು ಕೂಡಿಸುವ ಗೇರ್ ಬಾಕ್ಸನ್ನು 1890ರ ದಶಕದ ಆರಂಭದಲ್ಲೇ ಫ್ರಾನ್ಸಿನ ಪಾನಾರ್ ಮತ್ತು ಲೆವಾಸರ್ ಕಾರುಗಳು ಬಳಸಿದವು. ಇದು ಒರಟಾದ ವಿಧಾನವಾದರೂ ಕೆಲಸವಂತೂ ನಡೆಯುತ್ತದೆ ಎಂಬ ಅರ್ಥದ ಮಾತನ್ನು ಲೆವಾಸರನೇ ಆಡಿದ್ದನಂತೆ. ಅವನ ಮಾತು ನಿಜವಾಗಿತ್ತು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಹಲ್ಲಿನ ಚಕ್ರಗಳನ್ನು ಕೂಡಿಸಹೊರಟರೆ ಅವು ಕರಕರ ಎಂದು ಕಿರುಚಿಕೊಳ್ಳುತ್ತಿದ್ದವು.

ಇದಕ್ಕೆ ಡ್ರೈವರುಗಳೇ ಕಂಡುಕೊಂಡ ಉಪಾಯ ನಮ್ಮ ಹಳೆಯ ಲಾರಿ ಡ್ರೈವರುಗಳಿಗೂ ಚೆನ್ನಾಗಿ ಗೊತ್ತಿತ್ತು. ಅದೇ ಡಬಲ್ ಕ್ಲಚ್. ಕ್ಲಚ್ ತುಳಿದು ಗೇರನ್ನು ನ್ಯೂಟ್ರಲ್‌ಗೆ ತಂದು, ಕಾಲು ಬಿಟ್ಟು, ಕೆಳಗಿನ ಗೇರಿಗೆ ಇಳಿಯುವುದಿದ್ದರೆ ಆಕ್ಸಿಲರೇಟರ್ ಒಂದಿಷ್ಟು ಒತ್ತಿ, ಮತ್ತೆ ಕ್ಲಚ್ ತುಳಿದು ಗೇರು ಹಾಕುವುದು. ಘಾಟಿಯಲ್ಲಿ ಲೋಡಾದ ಲಾರಿಯನ್ನು ಹೀಗೆ ಇಳಿಸುವುದಕ್ಕೆ ಕಾಲು, ಕೈ, ಕಿವಿ ಮೂರೂ ಒಟ್ಟಿಗೆ ಕೆಲಸ ಮಾಡಬೇಕಿತ್ತು. ಹೆಸರಿನಲ್ಲಿ ಹೋಲಿಕೆಯಿದ್ದರೂ ಈ ಡಬಲ್ ಕ್ಲಚ್ ಬೇರೆ, ನಾವಿಲ್ಲಿ ಹೇಳಹೊರಟಿರುವ ಡ್ಯೂಯಲ್ ಕ್ಲಚ್ ಬೇರೆ. ಮೊದಲನೆಯದು ಮನುಷ್ಯನ ಕಸುಬು, ಎರಡನೆಯದು ಯಂತ್ರದ್ದು.

1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಸಿಂಕ್ರೋಮೆಶ್ ಬಂತು. ಹಲ್ಲುಗಳು ಕೂಡುವ ಮೊದಲೇ ಎರಡರ ವೇಗವನ್ನೂ ಸಮ ಮಾಡುವ ಈ ಏರ್ಪಾಡನ್ನು ರೂಪಿಸಿದವನು ಅರ್ಲ್ ಥಾಂಪ್ಸನ್. ಅಲ್ಲಿಂದ ಮುಂದೆ ಕಾರು ಓಡಿಸುವವರಿಗೆ ಡಬಲ್ ಕ್ಲಚ್ಚಿನ ಕಷ್ಟ ನಿಧಾನವಾಗಿ ತಪ್ಪಿತು. ಚಾಲಕನ ಕೆಲಸದಲ್ಲಿ ಒಂದು ಪಾಲನ್ನು ಯಂತ್ರ ಹೀಗೆ ತೆಗೆದುಕೊಂಡಿತು. ಅದಕ್ಕಾಗಿ ಅತ್ತವರು ಹೆಚ್ಚಿಲ್ಲ.

1939 ಈ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. ಆ ವರ್ಷ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಓಲ್ಡ್ಸ್‌ಮೊಬಿಲ್ ಕಾರುಗಳಿಗೆ ಹೈಡ್ರಾಮ್ಯಾಟಿಕ್ ಎಂಬ ಪೂರ್ತಿ ಆಟೊಮ್ಯಾಟಿಕ್ ಗೇರ್ ಬಾಕ್ಸನ್ನು ಪ್ರಕಟಿಸಿತು. ಅದರಲ್ಲಿ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ಸಾಗುತ್ತಿತ್ತು. ಅದೇ ವರ್ಷ ಫ್ರಾನ್ಸಿನಲ್ಲಿ ಅಡಾಲ್ಫ್ ಕೆಗ್ರೆಸ್ ಎಂಬ ಇಂಜಿನಿಯರ್ ಬೇರೆಯೇ ದಾರಿಯಲ್ಲಿ ಯೋಚಿಸುತ್ತಿದ್ದ.

ಈ ಕೆಗ್ರೆಸನ ಬದುಕೇ ಒಂದು ಕಾದಂಬರಿಗೆ ಸಾಕು. 1879ರಲ್ಲಿ ಹುಟ್ಟಿದ ಆತ ರಷ್ಯಾದ ಚಕ್ರವರ್ತಿ ಎರಡನೇ ನಿಕೋಲಸನ ಕಾರುಖಾನೆಯ, ಅಂದರೆ ಅರಮನೆಯ ಗ್ಯಾರೇಜಿನ ತಾಂತ್ರಿಕ ಮುಖ್ಯಸ್ಥನಾಗಿದ್ದ. ಹಿಮದಲ್ಲಿ ಹೂತುಹೋಗುವ ಚಕ್ರವರ್ತಿಯ ಕಾರುಗಳಿಗಾಗಿ ಆತ ಹಿಂದಿನ ಚಕ್ರದ ಬದಲು ಓಡುವ ಪಟ್ಟಿಯೊಂದನ್ನು ರೂಪಿಸಿದ. 1917ರ ಕ್ರಾಂತಿಯಾದಾಗ ಕೆಗ್ರೆಸ್ ಫ್ರಾನ್ಸಿಗೆ ಮರಳಿದ, ಪಟ್ಟಿ ಮಾತ್ರ ರಷ್ಯಾದಲ್ಲೇ ಉಳಿಯಿತು. ಚಕ್ರವರ್ತಿಯನ್ನು ಇಳಿಸಿದ ನಾಡಿನ ನಾಯಕ ಲೆನಿನ್ ಓಡಾಡಿದ ರೋಲ್ಸ್ ರಾಯ್ಸ್ ಕಾರಿಗೂ ಅದೇ ಪಟ್ಟಿ ಇತ್ತು. ಫ್ರಾನ್ಸಿನಲ್ಲಿ ಕೆಗ್ರೆಸನಿಗೆ ಸಿಟ್ರೊಯೆನ್ ಕಂಪೆನಿಯ ಆಸರೆ ಸಿಕ್ಕಿತು. ಅವನ ಪಟ್ಟಿ ಕಟ್ಟಿಕೊಂಡ ಸಿಟ್ರೊಯೆನ್ ಗಾಡಿಗಳು ಸಹಾರಾ ಮರುಭೂಮಿಯನ್ನು ದಾಟಿದವು. 1931ರಲ್ಲಿ ಬೈರೂತಿನಿಂದ ಚೀನಾಕ್ಕೆ ಹೊರಟ ತಂಡವೊಂದು ಇಂಥದೇ ಗಾಡಿಗಳನ್ನು ಶ್ರೀನಗರದಿಂದ ಗಿಲ್ಗಿಟ್ ಕಡೆಗೆ ಹಿಮಾಲಯದ ದಾರಿಗಳಲ್ಲಿ ಹತ್ತಿಸಿತು.

ಕೆಗ್ರೆಸನ ಎರಡು ಕ್ಲಚ್ಚಿನ ಯೋಚನೆ ಕೇಳಲು ಸರಳ. ಸಾಮಾನ್ಯ ಗಾಡಿಯಲ್ಲಿ ಗೇರು ಬದಲಾಗುವಷ್ಟು ಹೊತ್ತು ಇಂಜಿನ್ ಶಕ್ತಿ ಚಕ್ರಕ್ಕೆ ತಲುಪುವುದಿಲ್ಲ. ಆ ಖಾಲಿ ಕ್ಷಣವನ್ನು ಇಲ್ಲವಾಗಿಸುವುದು ಹೇಗೆ? ಗೇರ್ ಬಾಕ್ಸನ್ನೇ ಎರಡು ಭಾಗ ಮಾಡಬೇಕು. 1, 3, 5 ಎಂಬ ಬೆಸ ಸಂಖ್ಯೆಯ ಗೇರುಗಳಿಗೆ ಒಂದು ಕ್ಲಚ್, 2, 4, 6 ಎಂಬ ಸಮ ಸಂಖ್ಯೆಯ ಗೇರುಗಳಿಗೆ ಇನ್ನೊಂದು. ಈಗಿನ ಗಾಡಿಗಳಲ್ಲಿ ಟೊಳ್ಳಾದ ಶಾಫ್ಟಿನೊಳಗೆ ಇನ್ನೊಂದು ಶಾಫ್ಟನ್ನು ತೂರಿಸಿ ಇದನ್ನು ಸಾಧಿಸುತ್ತಾರೆ. ಗಾಡಿ ಎರಡನೆಯ ಗೇರಿನಲ್ಲಿ ಓಡುತ್ತಿರುವಾಗಲೇ ಮೂರನೆಯದು ಹಲ್ಲು ಕೂಡಿಸಿಕೊಂಡು ಸಿದ್ಧವಾಗಿರುತ್ತದೆ. ಸಮಯ ಬಂದಾಗ ಒಂದು ಕ್ಲಚ್ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಮನೆ ಕಟ್ಟುವ ಕಡೆ ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮುಂದಿನವನ ಕೈ ಹಿಡಿದಂತೆಲ್ಲ ಹಿಂದಿನವನು ಸಡಿಲ ಬಿಡುತ್ತಾನೆ. ಬಾಂಡ್ಲಿ ಗಾಳಿಯಲ್ಲಿ ನಿಲ್ಲುವುದೇ ಇಲ್ಲ.

ಆದರೆ ಯುದ್ಧ ಬಂತು, ಹಣ ಬರಲಿಲ್ಲ. ಕೆಗ್ರೆಸನ ಗೇರ್ ಬಾಕ್ಸ್ ಕಾರ್ಖಾನೆಯಿಂದ ರಸ್ತೆಗಿಳಿಯಲಿಲ್ಲ. 1943ರಲ್ಲಿ ಆತ ತೀರಿಕೊಂಡ.

ಯುದ್ಧಾನಂತರ ಅಮೆರಿಕದವರು ಆಟೊಮ್ಯಾಟಿಕ್ ಕಾರುಗಳಿಗೆ ಒಗ್ಗಿಹೋದರು. ಯುರೋಪಿನ ಸ್ಪೋರ್ಟ್ಸ್ ಕಾರಿನವರು ಅದನ್ನು ಸೋಮಾರಿಗಳ ಗಾಡಿ ಎಂದು ಹಳಿದರು. ಹಳಿಯಲು ಕಾರಣವೂ ಇತ್ತು. ಎಣ್ಣೆಯ ಮೂಲಕ ಸಾಗುವ ಶಕ್ತಿಯಲ್ಲಿ ಒಂದು ಪಾಲು ನಷ್ಟವಾಗುತ್ತಿತ್ತು, ಗಾಡಿ ನಿಧಾನವಾಗುತ್ತಿತ್ತು, ಪೆಟ್ರೋಲ್ ಹೆಚ್ಚು ಬೇಕಾಗುತ್ತಿತ್ತು. 1953ರಲ್ಲಿ ಶೆವ್ರೊಲೆ ಕಂಪೆನಿ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರನ್ನು ತಂದಾಗ ಮೊದಲ ವರ್ಷದ 300 ಕಾರುಗಳಲ್ಲೂ ಎರಡೇ ಗೇರುಗಳ ಆಟೊಮ್ಯಾಟಿಕ್ ಇತ್ತು. ಸ್ಪೋರ್ಟ್ಸ್ ಕಾರಿನ ಅಭಿಮಾನಿಗಳು ಮೂಗು ಮುರಿದರು. ಮ್ಯಾನುಯಲ್ ಗೇರ್ ಬಂದ ಮೇಲೆಯೇ ಕಾರ್ವೆಟ್‌ಗೆ ಅವರ ಪಂಕ್ತಿಯಲ್ಲಿ ಜಾಗ ಸಿಕ್ಕಿತು.

ಜರ್ಮನಿಯ ಪೋರ್ಷೆ ಕಂಪೆನಿ 1967ರಲ್ಲಿ ತನ್ನ 911 ಕಾರಿಗೆ ಸ್ಪೋರ್ಟೊಮ್ಯಾಟಿಕ್ ಎಂಬ ಅರೆ ಆಟೊಮ್ಯಾಟಿಕ್ ಪದ್ಧತಿಯನ್ನು ತಂದಿತು. ಇದರಲ್ಲಿ ಗೇರ್ ಲಿವರ್ ಇತ್ತು, ಕ್ಲಚ್ ಪೆಡಲ್ ಇರಲಿಲ್ಲ. ಲಿವರನ್ನು ಕೈಯಿಂದ ಮುಟ್ಟಿದೊಡನೆ ಒಳಗಿನ ಸ್ವಿಚ್ಚೊಂದು ಕ್ಲಚ್ಚನ್ನು ಬಿಡಿಸುತ್ತಿತ್ತು. ಅದೇ ವರ್ಷ ನ್ಯೂರ್ಬರ್ಗ್‌ರಿಂಗ್‌ನಲ್ಲಿ ನಡೆದ 84 ಗಂಟೆಗಳ ಸ್ಪರ್ಧೆಯನ್ನು ಸ್ಪೋರ್ಟೊಮ್ಯಾಟಿಕ್ ಅಳವಡಿಸಿದ 911 ಆರ್ ಎಂಬ ಕಾರು ಗೆದ್ದಿತು. ಈ 911 ಆರ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಅರ್ಧ ಶತಮಾನದ ನಂತರ ಅದು ಮತ್ತೆ ಬರುತ್ತದೆ.

ಕೆಗ್ರೆಸನ ಕನಸನ್ನು ಮತ್ತೆ ಎಬ್ಬಿಸಿದ್ದು ರೇಸಿನ ಮೈದಾನ. 1980ರ ದಶಕದಲ್ಲಿ ಪೋರ್ಷೆಯ 956 ಮತ್ತು 962 ರೇಸ್ ಕಾರುಗಳಲ್ಲಿ ಎರಡು ಕ್ಲಚ್ಚಿನ ಗೇರ್ ಬಾಕ್ಸನ್ನು ಪರೀಕ್ಷಿಸಲಾಯಿತು. ಪೋರ್ಷೆಯವರು ಅದನ್ನು ಚಿಕ್ಕದಾಗಿ ಪಿಡಿಕೆ ಎಂದರು. ಈ ಕಾರುಗಳದ್ದು ಟರ್ಬೊ ಇಂಜಿನ್. ಗೇರು ಬದಲಿಸಲು ಆಕ್ಸಿಲರೇಟರ್ ಬಿಟ್ಟರೆ ಟರ್ಬೊದ ಒತ್ತಡ ಇಳಿದುಹೋಗುತ್ತಿತ್ತು. ಎರಡು ಕ್ಲಚ್ ಇದ್ದರೆ ಕಾಲನ್ನು ಎತ್ತಲೇಬೇಕಾಗಿಲ್ಲ, ಕೈಗಳೆರಡೂ ಸ್ಟಿಯರಿಂಗಿನ ಮೇಲೆಯೇ ಇರಬಹುದು. 1986ರಲ್ಲಿ ಇಟಲಿಯ ಮೊಂಜಾದಲ್ಲಿ ಹಾನ್ಸ್ ಸ್ಟುಕ್ ಮತ್ತು ಡೆರೆಕ್ ಬೆಲ್ ಪಿಡಿಕೆ ಇದ್ದ 962 ಕಾರನ್ನು ಓಡಿಸಿ ಗೆದ್ದರು. ಆದರೂ ಆ ಯಂತ್ರ ಭಾರವಾಗಿತ್ತು, ಆಗಾಗ ಕೈಕೊಡುತ್ತಿತ್ತು. ಎರಡು ಕ್ಲಚ್ಚುಗಳು ಬಿಡುವ ಮತ್ತು ಹಿಡಿಯುವ ಕ್ಷಣವನ್ನು ಕರಾರುವಾಕ್ಕಾಗಿ ಲೆಕ್ಕ ಹಾಕುವಷ್ಟು ಎಲೆಕ್ಟ್ರಾನಿಕ್ಸ್ ಆಗ ಬೆಳೆದಿರಲಿಲ್ಲ.

ಅಷ್ಟರಲ್ಲಿ ಇಟಲಿಯ ಫೆರಾರಿ ಇನ್ನೊಂದು ದಾರಿ ಹಿಡಿಯಿತು. 1989ರ ಫಾರ್ಮುಲಾ ಒನ್ ಕಾರಿನಲ್ಲಿ ಅದರ ವಿನ್ಯಾಸಕ ಜಾನ್ ಬರ್ನಾರ್ಡ್ ಗೇರ್ ಲಿವರನ್ನೇ ತೆಗೆದುಹಾಕಿ ಸ್ಟಿಯರಿಂಗಿನ ಹಿಂದೆ ಎರಡು ಪಟ್ಟಿಗಳನ್ನಿಟ್ಟ. ಬೆರಳಿನಿಂದ ಒಂದನ್ನು ಎಳೆದರೆ ಗೇರು ಏರುತ್ತದೆ, ಇನ್ನೊಂದನ್ನು ಎಳೆದರೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಈ ಕಾರು ಎಷ್ಟು ಸತಾಯಿಸಿತ್ತೆಂದರೆ, ಬ್ರೆಜಿಲ್‌ನ ಮೊದಲ ರೇಸಿನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆಂದು ನಂಬಿದ್ದ ಚಾಲಕ ನೈಜೆಲ್ ಮ್ಯಾನ್ಸೆಲ್ ಬೇಗ ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸಿಟ್ಟಿದ್ದನಂತೆ. ಆ ದಿನ ಗೆದ್ದವನು ಅವನೇ. ಇದರಲ್ಲಿ ಇದ್ದದ್ದು ಒಂದೇ ಕ್ಲಚ್, ಅದನ್ನು ಯಂತ್ರ ಒತ್ತುತ್ತಿತ್ತು. 1997ರಲ್ಲಿ ಫೆರಾರಿ ಇದನ್ನು ತನ್ನ 355 ಕಾರಿನ ಮೂಲಕ ರಸ್ತೆಗೂ ತಂದಿತು. ರೇಸಿನಲ್ಲಿ ಯಾರೂ ಲೆಕ್ಕಿಸದ ಜರ್ಕು ರಸ್ತೆಯಲ್ಲಿ ಪ್ರತಿ ಗೇರಿಗೂ ಸವಾರರ ತಲೆ ತೂಗಿಸಿತು. ಒಂದೇ ಕ್ಲಚ್ಚಿನ ಮಿತಿ ಅಲ್ಲಿ ಬಯಲಾಯಿತು.

ಕೊನೆಗೆ ಕೆಗ್ರೆಸನ ಯೋಚನೆ ಅಂಗಡಿಗೆ ಬಂದದ್ದು 2003ರಲ್ಲಿ. ಬಂದದ್ದೂ ಕೋಟಿ ಬೆಲೆಯ ಕಾರಿನಲ್ಲಲ್ಲ, ಫೋಕ್ಸ್‌ವ್ಯಾಗನ್ ಕಂಪೆನಿಯ ಗಾಲ್ಫ್ ಆರ್32 ಎಂಬ ಸಣ್ಣ ಕಾರಿನಲ್ಲಿ. ಡಿಎಸ್‌ಜಿ ಎಂಬ ಹೆಸರಿನ ಆ ಗೇರ್ ಬಾಕ್ಸಿನ ಕ್ಲಚ್ಚುಗಳನ್ನು ಒದಗಿಸಿದ್ದು ಅಮೆರಿಕದ ಬೋರ್ಗ್‌ವಾರ್ನರ್. ಆ ಬಳಿಕ ಒಂದರ ಹಿಂದೆ ಒಂದು ಬಾಗಿಲು ತೆರೆಯಿತು. 2005ರಲ್ಲಿ ಬುಗಾಟಿ ವೇರಾನ್, 2007ರಲ್ಲಿ ನಿಸ್ಸಾನ್ ಜಿಟಿ-ಆರ್, 2008ರಲ್ಲಿ ಪೋರ್ಷೆ 911, 2009ರಲ್ಲಿ ಫೆರಾರಿ 458. ಇವುಗಳಲ್ಲಿ 911 ಒಂದರಲ್ಲಿ ಮಾತ್ರ ಮ್ಯಾನುಯಲ್ ಕೂಡ ಸಿಗುತ್ತಿತ್ತು. ಉಳಿದವುಗಳಲ್ಲಿ ಕೊಳ್ಳುವವನಿಗೆ ಆಯ್ಕೆಯೇ ಇರಲಿಲ್ಲ.

ಇಲ್ಲಿ ವಾದದ ದಿಕ್ಕೇ ಬದಲಾದದ್ದನ್ನು ಗಮನಿಸಬೇಕು. ಅಲ್ಲಿಯವರೆಗೆ ಮ್ಯಾನುಯಲ್ ಗೇರಿನವರ ಬಳಿ ಎರಡು ಗಟ್ಟಿ ಉತ್ತರಗಳಿದ್ದವು: ನಮ್ಮದು ವೇಗ, ನಮ್ಮದು ಮಿತವ್ಯಯ. 2008ರ 911ರಲ್ಲಿ ಪಿಡಿಕೆ ಇದ್ದ ಕಾರು ಮ್ಯಾನುಯಲ್‌ಗಿಂತ ಬೇಗ ವೇಗ ಪಡೆಯುತ್ತಿತ್ತು, ಕಡಿಮೆ ಪೆಟ್ರೋಲ್ ಕುಡಿಯುತ್ತಿತ್ತು. ಎರಡೂ ಉತ್ತರಗಳು ಒಂದೇ ಸಲಕ್ಕೆ ಬಿದ್ದುಹೋದವು. ಯುರೋಪಿನಲ್ಲಿ ಹೊಗೆಯ ಕಾನೂನು ಬಿಗಿಯಾಗುತ್ತಿದ್ದ ಕಾಲವಾದ್ದರಿಂದ ಕಂಪೆನಿಗಳಿಗೂ ಇದೇ ಬೇಕಿತ್ತು. ಎಂಥ ನುರಿತ ಚಾಲಕನ ಕೈಕಾಲೂ ಈ ಯಂತ್ರದ ಚುರುಕಿಗೆ ಸಾಟಿಯಾಗಲಾರದು. ಅದನ್ನು ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ.

ಹಾಗಾದರೆ ಮ್ಯಾನುಯಲ್ ಗೇರ್ ಇನ್ನೇತಕ್ಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವಿಚಿತ್ರ ರೀತಿಯಲ್ಲಿ. 2013ರಲ್ಲಿ ಪೋರ್ಷೆ ತನ್ನ 911 ಜಿಟಿ3 ಎಂಬ ಕಾರನ್ನು ಪಿಡಿಕೆಯೊಂದಿಗೆ ಮಾತ್ರ ಮಾರಾಟಕ್ಕಿಟ್ಟಿತು. ರೇಸಿನ ಮೈದಾನದಲ್ಲೂ ಓಡಿಸಬಲ್ಲ ಕಾರು ಅದು. ಮೈದಾನದಲ್ಲಿ ಲೆಕ್ಕಕ್ಕೆ ಬರುವುದು ಸುತ್ತಿಗೆ ಹಿಡಿಯುವ ಸಮಯ ಮಾತ್ರ, ಆದ್ದರಿಂದ ಬೇಗ ಓಡಿಸುವ ಗೇರ್ ಬಾಕ್ಸೇ ಸರಿ ಎಂಬುದು ಕಂಪೆನಿಯ ತರ್ಕ. ತರ್ಕದಲ್ಲಿ ದೋಷವಿರಲಿಲ್ಲ. ಆದರೆ ಹಳೆಯ ಗಿರಾಕಿಗಳು ಮುನಿಸಿಕೊಂಡರು. ಸ್ಟಾಪ್‌ವಾಚ್ ಹಿಡಿದು ರಸ್ತೆಗಿಳಿಯುವವರು ನಾವಲ್ಲ ಎಂಬುದು ಅವರ ದೂರಿನ ಸಾರ.

2016ರಲ್ಲಿ ಪೋರ್ಷೆ ಕೇವಲ 991 ಕಾರುಗಳ ಒಂದು ಕಂತನ್ನು ಪ್ರಕಟಿಸಿತು. ಆರು ಗೇರು, ಮ್ಯಾನುಯಲ್ ಮಾತ್ರ. ಹೆಸರು 911 ಆರ್. ಕ್ಲಚ್ ಪೆಡಲ್ ಇಲ್ಲದೆ 84 ಗಂಟೆಗಳ ಸ್ಪರ್ಧೆ ಗೆದ್ದ ಕಾರಿನ ಹೆಸರೇ ಈಗ ಕ್ಲಚ್ ಪೆಡಲಿನ ಹೆಮ್ಮೆಯ ಹೆಸರಾಯಿತು! ಕಾರುಗಳು ಕೈಬದಲಾಗುವಾಗ ಬೆಲೆ ಮೂಲ ಬೆಲೆಯ ಎರಡು ಪಟ್ಟನ್ನೂ ದಾಟಿತು. ಮರುವರ್ಷವೇ ಪೋರ್ಷೆ ಜಿಟಿ3 ಕಾರಿಗೆ ಮ್ಯಾನುಯಲ್ ಗೇರನ್ನು ಮರಳಿ ಕೊಟ್ಟಿತು. ಅದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ.

ಆ 2017ರ ಜಿಟಿ3ಯ ಅಂಕಿಗಳು ಇಡೀ ಚರ್ಚೆಯನ್ನು ಒಂದು ಅಂಗೈಯಲ್ಲಿ ಹಿಡಿದುಕೊಡುತ್ತವೆ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಪಿಡಿಕೆ ಕಾರಿಗೆ 3.4 ಸೆಕೆಂಡು, ಮ್ಯಾನುಯಲ್‌ಗೆ 3.9. ತೂಕದಲ್ಲಿ ಮ್ಯಾನುಯಲ್ ಕಾರು 17 ಕಿಲೋ ಕಡಿಮೆ. ಗರಿಷ್ಠ ವೇಗ ಪಿಡಿಕೆಗೆ 318, ಮ್ಯಾನುಯಲ್‌ಗೆ 320. ಅಂದರೆ ಯಂತ್ರ ಗೆದ್ದದ್ದು ಅರ್ಧ ಸೆಕೆಂಡಿನಲ್ಲಿ. ಆ ಅರ್ಧ ಸೆಕೆಂಡನ್ನು ಗೊತ್ತಿದ್ದೂ ಬಿಟ್ಟುಕೊಟ್ಟು ಗೇರು ಹಾಕುವ ಕೆಲಸವನ್ನು ಮರಳಿ ಪಡೆಯಲು ಜನ ತಯಾರಿದ್ದರು. ತಾವು ಇಷ್ಟು ವರ್ಷ ಕೊಳ್ಳುತ್ತಿದ್ದದ್ದು ವೇಗವನ್ನಲ್ಲ, ಒಂದು ಕೆಲಸವನ್ನು ಚೆನ್ನಾಗಿ ಮಾಡಿದ ಸಂತೋಷವನ್ನು ಎಂಬುದು ಅದು ಕೈಬಿಟ್ಟ ಮೇಲೆ ಅವರಿಗೆ ತಿಳಿಯಿತು.

ಎಲ್ಲ ಕಂಪೆನಿಗಳೂ ಪೋರ್ಷೆಯಂತೆ ಹಿಂದಿರುಗಿ ನೋಡಲಿಲ್ಲ. 2019ರಲ್ಲಿ ಪ್ರಕಟವಾದ ಎಂಟನೆಯ ತಲೆಮಾರಿನ ಕಾರ್ವೆಟ್ ಎಂಟು ಗೇರುಗಳ ಡ್ಯೂಯಲ್ ಕ್ಲಚ್‌ನೊಂದಿಗೆ ಮಾತ್ರ ಬಂತು. 1953ರಲ್ಲಿ ಯಾವುದಕ್ಕಾಗಿ ನಗೆಪಾಟಲಾಗಿತ್ತೋ ಅಲ್ಲಿಗೇ, ಅಂದರೆ ಕ್ಲಚ್ ಪೆಡಲ್ ಇಲ್ಲದ ಸ್ಥಿತಿಗೆ ಅದು ಮರಳಿತು. ಈ ಸಲ ನಗುವವರು ಕಡಿಮೆ.

ಡ್ಯೂಯಲ್ ಕ್ಲಚ್ ನಿಷ್ಕಳಂಕವೇನೂ ಅಲ್ಲ. ಅದು ಜನಸಾಮಾನ್ಯರ ಕಾರಿಗೆ ಇಳಿದಾಗ, ನಿಂತು ನಿಂತು ಸಾಗುವ ಪೇಟೆಯ ಟ್ರಾಫಿಕ್ಕಿನಲ್ಲಿ ಅದರ ದೌರ್ಬಲ್ಯ ಕಾಣಿಸಿತು. 2013ರಲ್ಲಿ ಚೀನಾದಲ್ಲಿ ಫೋಕ್ಸ್‌ವ್ಯಾಗನ್ ಈ ಗೇರ್ ಬಾಕ್ಸಿನ ದೋಷಕ್ಕಾಗಿ 3 ಲಕ್ಷ 84 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಇನ್ನೊಂದೆಡೆ ಎಣ್ಣೆಯ ಮೂಲಕ ನಡೆಯುವ ಹಳೆಯ ಬಗೆಯ ಆಟೊಮ್ಯಾಟಿಕ್ಕೂ ಸುಮ್ಮನಿರಲಿಲ್ಲ, ಎಂಟು ಗೇರುಗಳೊಂದಿಗೆ ಚುರುಕಾಗಿ ಬೆಳೆಯಿತು. 2008ರಲ್ಲಿ ತನ್ನ ಎಂ3 ಕಾರಿಗೆ ಡ್ಯೂಯಲ್ ಕ್ಲಚ್ ತಂದಿದ್ದ ಬಿಎಂಡಬ್ಲ್ಯು, 2017ರ ಎಂ5 ಕಾರಿನಲ್ಲಿ ಅದನ್ನು ಕೈಬಿಟ್ಟು ಹಳೆಯ ಬಗೆಗೆ ಮರಳಿತು.

ಈವರೆಗಿನ ಮಾತು ಕೇಳಿದವರಿಗೆ ಇದು ಶ್ರೀಮಂತರ ಆಟಿಕೆಯ ಜಗಳವೆನ್ನಿಸಬಹುದು. ಒಂದರ್ಥದಲ್ಲಿ ಹೌದು. 2020ರಲ್ಲಿ ಗೋರ್ಡನ್ ಮರ್ರೆ ಎಂಬ ಹೆಸರಾಂತ ವಿನ್ಯಾಸಕ ಟಿ.50 ಎಂಬ ಕಾರನ್ನು ಪ್ರಕಟಿಸಿದಾಗ ಅದರ ದೊಡ್ಡ ಆಕರ್ಷಣೆಗಳಲ್ಲಿ ಒಂದು ಮ್ಯಾನುಯಲ್ ಗೇರು. 100 ಕಾರುಗಳು, ಪ್ರತಿಯೊಂದಕ್ಕೂ 20 ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆ. ಬಡವರ ಗಾಡಿಯಲ್ಲಿ ಬೇರೆ ಗತಿಯಿಲ್ಲದೆ ಇರುವ ವಸ್ತು ಅತಿ ಶ್ರೀಮಂತರ ಗಾಡಿಯಲ್ಲಿ ಭೂಷಣವಾಗಿದೆ.

ಅದೇ ಪೆಡಲನ್ನು ನಗರದ ಬಸ್ ಡ್ರೈವರನ ಕಾಲಿನಿಂದ ನೋಡಿದರೆ ಚಿತ್ರವೇ ಬೇರೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ, ಸ್ಟಾಪಿನಿಂದ ಸ್ಟಾಪಿಗೆ ದಿನವಿಡೀ ಕ್ಲಚ್ ತುಳಿಯುವವನಿಗೆ ಅದು ಮೊಣಕಾಲಿನ ನೋವು, ಸೊಂಟದ ನೋವು. ಬೆಂಗಳೂರಿನಲ್ಲಿ 2006ರಲ್ಲಿ ಓಡತೊಡಗಿದ ವೋಲ್ವೊ ನಗರ ಬಸ್ಸುಗಳಲ್ಲಿ ಕ್ಲಚ್ ಪೆಡಲ್ ಇರಲಿಲ್ಲ. ಅವು ಡ್ಯೂಯಲ್ ಕ್ಲಚ್ಚಿನವಲ್ಲ, ಬೇರೆ ಬಗೆಯ ಆಟೊಮ್ಯಾಟಿಕ್. ಆದರೆ ಎಡಗಾಲಿಗೆ ಸಿಕ್ಕಿದ ಬಿಡುವು ಒಂದೇ. ಎಡಗಾಲಿನಲ್ಲಿ ಬಲವಿಲ್ಲದ ಒಬ್ಬಾತನಿಗೆ ಆಟೊಮ್ಯಾಟಿಕ್ ಕಾರು ಎಂದರೆ ಬೇರೆಯವರ ಹಂಗಿಲ್ಲದೆ ಮನೆಯಿಂದ ಹೊರಬೀಳುವ ಸ್ವಾತಂತ್ರ್ಯ. ಇವರ ಮುಂದೆ ನಿಂತು ಕೈಚಳಕದ ಸೊಗಸನ್ನು ವರ್ಣಿಸುವುದು ಉಂಡವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತಾದೀತು.

ಹಾಗೆಂದು ಕಸುಬು ಮರೆತುಹೋಗುವುದನ್ನು ಹಗುರವಾಗಿ ನೋಡುವಂತೆಯೂ ಇಲ್ಲ. ಬ್ರಿಟನ್ನಿನಲ್ಲಿ, ನಮ್ಮ ಕರಾವಳಿಯ ಅನೇಕರು ದುಡಿಯಲು ಹೋಗುವ ಯುಎಇಯಲ್ಲಿ ಆಟೊಮ್ಯಾಟಿಕ್ ಗಾಡಿಗೆಂದೇ ಬೇರೆ ಲೈಸೆನ್ಸ್ ಉಂಟು. ಅದನ್ನು ಪಡೆದವನು ಮ್ಯಾನುಯಲ್ ಗಾಡಿಯನ್ನು ಮುಟ್ಟುವಂತಿಲ್ಲ. ಒಂದು ತಲೆಮಾರು ಕಲಿಯದೆ ಬಿಟ್ಟ ವಿದ್ಯೆಯನ್ನು ಮುಂದಿನ ತಲೆಮಾರಿಗೆ ಹೇಳಿಕೊಡುವವರು ಯಾರು?

ಡ್ಯೂಯಲ್ ಕ್ಲಚ್ಚಿನ ಗೆಲುವೂ ಶಾಶ್ವತವಲ್ಲ. ಬ್ಯಾಟರಿಯಿಂದ ಓಡುವ ಹೆಚ್ಚಿನ ಕಾರುಗಳಿಗೆ ಗೇರು ಬದಲಿಸುವ ಅಗತ್ಯವೇ ಇಲ್ಲ. ಅಂಥದೊಂದು ಕಾರನ್ನು 2023ರಲ್ಲಿ ಹ್ಯುಂಡೈ ಕಂಪೆನಿ ತಂದಿತು, ಹೆಸರು ಅಯೋನಿಕ್ 5 ಎನ್. ಅದರಲ್ಲಿ ಗುಂಡಿ ಒತ್ತಿದರೆ ಎಂಟು ಗೇರುಗಳ ಡ್ಯೂಯಲ್ ಕ್ಲಚ್ ಇರುವಂತೆ ನಟಿಸುವ ಏರ್ಪಾಡಿದೆ. ಇಲ್ಲದ ಗೇರು ಬದಲಾಗುತ್ತದೆ, ಇಲ್ಲದ ಇಂಜಿನ್ನಿನ ಸದ್ದು ಕೇಳುತ್ತದೆ, ಬೇಕೆಂದೇ ಒಂದು ಜರ್ಕು ಹೊಡೆಯುತ್ತದೆ. ಆ ಜರ್ಕನ್ನು ಇಲ್ಲವಾಗಿಸಲೆಂದೇ ಕೆಗ್ರೆಸ್ 1939ರಲ್ಲಿ ತಲೆ ಕೆಡಿಸಿಕೊಂಡಿದ್ದ.

ಈ ಚರಿತ್ರೆಯಲ್ಲಿ ಯಂತ್ರ ಗೆದ್ದಿತೋ ಮನುಷ್ಯ ಗೆದ್ದನೋ ಎಂಬ ತೀರ್ಪಿಗಿಂತ, ಯಾರನ್ನು ಕೇಳಿ ನಿರ್ಧಾರ ಮಾಡಲಾಯಿತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಬಸ್ ಡ್ರೈವರನಿಗೆ ಕ್ಲಚ್ ಬೇಡವಾಗಿತ್ತು, ಅವನಿಗೆ ಬಿಡುಗಡೆ ಸಿಕ್ಕಿದ್ದು ತಡವಾಗಿ, ಸಿಕ್ಕಿದ್ದೂ ಕೆಲವರಿಗೆ. ಸ್ಪೋರ್ಟ್ಸ್ ಕಾರಿನವನಿಗೆ ಅದು ಬೇಕಿತ್ತು, ಅವನಿಂದ ಕೇಳದೆಯೇ ತೆಗೆಯಲಾಯಿತು. ಹಣವಿದ್ದ ಅವನು ಗಲಾಟೆ ಮಾಡಿ ಮೂರು ನಾಲ್ಕು ವರ್ಷಗಳಲ್ಲಿ ಅದನ್ನು ವಾಪಸ್ ಪಡೆದ. ಬಸ್ಸಿನವನ ಎಡಗಾಲು ಬಹಳ ಕಡೆ ಇವತ್ತಿಗೂ ಅದೇ ಪೆಡಲಿನ ಮೇಲಿದೆ.